ನಂದಿ ಹಾಲ್ಟ್‌ನ ಕಲ್ಲುಗೋಡೆ, ಹೆಂಚಿನ ಸೂರು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೊರಟ ರೈಲು ದೇವನಹಳ್ಳಿ, ಆವತಿಹಳ್ಳಿಗಳನ್ನು ದಾಟಿ ನಂದಿಬೆಟ್ಟದ ತಪ್ಪಲಿಗೆ ಬಂದಾಗ ನಂದಿ ಹಾಲ್ಟ್ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಈ ಮಾರ್ಗದಲ್ಲಿ ರೈಲು ಓಡತೊಡಗಿತು. ಆಗ ಹಳಿಗಳ ನಡುವೆ ಇದ್ದದ್ದು ಎರಡೂವರೆ ಅಡಿಯ ಅಂತರ. ಇಂದಿನ ಬ್ರಾಡ್‌ಗೇಜಿನ ಐದೂವರೆ ಅಡಿಗೆ ಹೋಲಿಸಿದರೆ ಅರ್ಧಕ್ಕಿಂತಲೂ ಕಡಿಮೆ. ಓಡಾಟ ಕಡಿಮೆಯಿದ್ದ ಸೀಮೆಗೆ ಅಗ್ಗದಲ್ಲಿ ರೈಲು ತರುವ ಉಪಾಯವದು. ಆ ಮಿತವ್ಯಯವೇ ನಿಲ್ದಾಣದ ರೂಪವನ್ನೂ ನಿರ್ಧರಿಸಿತು.

ಇಲ್ಲಿ ಗೋಪುರವಿಲ್ಲ, ಗಡಿಯಾರದ ಕಂಬವಿಲ್ಲ. ದಪ್ಪನೆಯ ಕಲ್ಲಿನ ಗೋಡೆಗಳ ಮೇಲೆ ಮರದ ತೊಲೆಗಳು, ಅವುಗಳ ಮೇಲೆ ಇಳಿಜಾರಾದ ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಈ ಹೆಂಚಿನ ಜಾಣ್ಮೆಯನ್ನು ಗಮನಿಸಬೇಕು: ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ, ಕೆಳಗಿನ ಮರದ ರೀಪಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವಂತೆ ಅದನ್ನು ಅಚ್ಚು ಹೊಯ್ಯುತ್ತಿದ್ದುದರಿಂದ ಗಾರೆಯ ಹಂಗಿಲ್ಲದೆ ಮಳೆನೀರು ಜಾರಿಹೋಗುತ್ತಿತ್ತು, ಒಡೆದ ಹೆಂಚೊಂದನ್ನು ತೆಗೆದು ಹೊಸದನ್ನಿಡಲು ಮಾಡನ್ನೆಲ್ಲ ಕಳಚಬೇಕಾಗಿರಲಿಲ್ಲ. ಸಂದುಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತಿದ್ದುದೂ ಬಯಲುಸೀಮೆಯ ಬೇಸಿಗೆಗೆ ಒಳ್ಳೆಯದೇ. ಕರಾವಳಿಯ ಹೆಂಚು, ಬಯಲುಸೀಮೆಯ ಕಲ್ಲು ಹೀಗೆ ಒಂದೆಡೆ ಕೂಡಿದವು.

ಕಲ್ಲಿನ ಮಾತು ಬಂದಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ನೆನಪಾಗದಿರದು. ಒಂಬತ್ತನೆಯ ಶತಮಾನದಷ್ಟು ಹಳೆಯ ಆ ಗುಡಿಯ ಪಕ್ಕಕ್ಕಿಟ್ಟರೆ ನಿಲ್ದಾಣ ನಿನ್ನೆಯದು. ಆದರೂ ಗುಡಿಗೆ ಸಿಗುವ ಗೌರವ ನಿಲ್ದಾಣಕ್ಕೆ ಬಹುಕಾಲ ಸಿಗಲಿಲ್ಲ; ಸರ್ಕಾರಿ ಕಟ್ಟಡವೆಂದರೆ ಪರಂಪರೆಯಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿಯೇ ಇದೆ.

ಹಳಿ ಬ್ರಾಡ್‌ಗೇಜಿಗೆ ಬದಲಾಯಿತು. ಈ ಮಾರ್ಗದ ಹಳೆಯ ನಿಲ್ದಾಣಗಳು ಪಾಳುಬಿದ್ದಿದ್ದಾಗ ಪರಂಪರೆಯ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯು ನೈರುತ್ಯ ರೈಲ್ವೆಯ ಜೊತೆಗೂಡಿ ಅವುಗಳ ಜೀರ್ಣೋದ್ಧಾರಕ್ಕೆ ಮುಂದಾಯಿತು. ನಂದಿ ಹಾಲ್ಟ್ ಅವುಗಳಲ್ಲೊಂದು. ಇಂಥ ಕೆಲಸದಲ್ಲಿ ಸಿಮೆಂಟಿನ ಮೋಹವೇ ದೊಡ್ಡ ಅಪಾಯ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಂಡು ಗಾರೆ ಪುಡಿಯಾಗುತ್ತದೆ. ಆದ್ದರಿಂದ ಹಳೆಯ ನಿಲ್ದಾಣವನ್ನು ನೋಡಲು ಹೋದಾಗ ಬಣ್ಣ ಎಷ್ಟು ಹೊಳೆಯುತ್ತಿದೆ ಎಂದು ನೋಡುವ ಬದಲು, ಕಲ್ಲು ಕಲ್ಲುಗಳ ನಡುವಿನ ಸಂದಿಯಲ್ಲಿ ಏನು ತುಂಬಿದ್ದಾರೆ ಎಂದು ಮೊದಲು ನೋಡಿ.