ಕೂದಲು ಬಿಡಿ, ಪುಸ್ತಕ ನೋಡಿ

ಕೇಳುಗರಿಗೆ ನಮಸ್ಕಾರ. ಕಾರವಾರದಲ್ಲಿ ಬೆಳಿಗ್ಗೆಯಿಂದ ಮಳೆ ಜಾಸ್ತಿಯೇ ಇದೆ. ನೀವು ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತ ರೇಡಿಯೋ ಹಚ್ಚಿಕೊಂಡಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಇವತ್ತಿನ ವಿಷಯ ಲೂಯಿಸ್ ಬ್ರೂಕ್ಸ್. ಮೂಕಿ ಚಿತ್ರಗಳ ಕಾಲದ ಅಮೆರಿಕದ ನಟಿ. ಹುಟ್ಟಿದ್ದು 1906ರಲ್ಲಿ, ಕ್ಯಾನ್ಸಾಸ್‌ನ ಚೆರಿವೇಲ್ ಎಂಬ ಸಣ್ಣ ಊರಲ್ಲಿ. ಹಣೆ ಮುಚ್ಚುವ ಹಾಗೆ ಕತ್ತರಿಸಿದ ಆಕೆಯ ಕಪ್ಪು ಕೂದಲು ದೊಡ್ಡ ಫ್ಯಾಶನ್ ಆಯಿತು. ಎಲ್ಲರೂ ಅದನ್ನೇ ಹೇಳುತ್ತಾರೆ. ಕೂದಲು ಬಿಡಿ ಮಾರಾಯ್ರೆ. ಆಕೆ ಓದುತ್ತಿದ್ದರು. ನಾನು ಹೇಳಬೇಕಾದ್ದು ಅದೊಂದೇ.

ಕೆಲವು ವರ್ಷದ ಹಿಂದೆ ಶಿರಸಿಯಲ್ಲಿ, ಇಂಥದ್ದೇ ಮಳೆಗಾಲದಲ್ಲಿ, ಆಕೆಯ 1929ರ ಜರ್ಮನ್ ಚಿತ್ರ ‘ಪಂಡೋರಾಸ್ ಬಾಕ್ಸ್’ ತೋರಿಸಿದ್ದೆವು. ಮೂವತ್ತು ಕುರ್ಚಿ, ಹದಿನೇಳು ಜನ, ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ. ಹತ್ತು ನಿಮಿಷಕ್ಕೆ ಹಿಂದಿನಿಂದ ಒಬ್ಬರು, "ಸೌಂಡ್ ಹೋಗಿದೆ, ನೋಡ್ರೋ" ಅಂದರು. ಮೂಕಿ ಅಂತ ಹೇಳಿದೆ. ನಂಬಲಿಲ್ಲ. ಎದ್ದು ಬಂದು ವೈರ್ ಅಲ್ಲಾಡಿಸಿದರು. ಕರೆಂಟೇ ಹೋಯಿತು! ಜನರೇಟರ್ ಬರುವ ತನಕ ಕತ್ತಲಲ್ಲಿ ಚಹಾ ಕುಡಿದೆವು. ಆಗ ಪಕ್ಕದಲ್ಲಿದ್ದ ಹಿರಿಯ ಯಕ್ಷಗಾನ ಕಲಾವಿದರೊಬ್ಬರು ಹೇಳಿದರು: "ತಾಳಮದ್ದಳೆಯಲ್ಲಿ ವೇಷ ಇಲ್ಲ, ಮಾತು ಮಾತ್ರ. ಇದು ಅದರ ಉಲ್ಟಾ. ಆದರೂ ಈ ಹುಡುಗಿ ಕಣ್ಣಲ್ಲೇ ಅರ್ಥ ಹೇಳ್ತದೆ." ಚಿತ್ರ ಮುಗಿದ ಮೇಲೆ ಅವರ ಪ್ರಶ್ನೆ: "ವೇಷ ಕಳಚಿದ ಮೇಲೆ ಏನು ಮಾಡಿತು ಇದು?"

ಅದೇ ಕಥೆ. 1928ರಲ್ಲಿ ಪ್ಯಾರಾಮೌಂಟ್ ಎಂಬ ಸಿನಿಮಾ ಕಂಪನಿ ಆಕೆಯ ಸಂಬಳ ಹೆಚ್ಚಿಸಲಿಲ್ಲ. ಬಿಟ್ಟು ಸೀದಾ ಬರ್ಲಿನ್‌ಗೆ, ಪಾಬ್ಸ್ಟ್ ಎಂಬ ನಿರ್ದೇಶಕರ ಹತ್ತಿರ ಹೋದರು. ಅಲ್ಲಿ ಸೆಟ್ಟಿಗೆ ಬಂದ ವಿಮರ್ಶಕಿ ಲೊಟ್ಟೆ ಐಸ್ನರ್ ನೋಡಿದ್ದೇನು? ಈಕೆ ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ ಪುಸ್ತಕ ಓದುತ್ತ ಕೂತಿದ್ದರು. ಐಸ್ನರ್‌ಗೆ ಇದು ಪ್ರಚಾರದ ಗಿಮಿಕ್ ಅನ್ನಿಸಿತಂತೆ. ಚಂದದ ಹುಡುಗಿ ಸುಮ್ನೆ ಓದುತ್ತಾಳೆ ಅಂದರೆ ಯಾರು ನಂಬುತ್ತಾರೆ, ಅಲ್ವಾ? ನಿಜಕ್ಕೂ ಓದುತ್ತಿದ್ದರು!

ಇನ್ನು ಬೇಗ ಹೇಳುತ್ತೇನೆ. 1938ಕ್ಕೆ ಕೊನೆಯ ಚಿತ್ರ. ಆಮೇಲೆ ನ್ಯೂಯಾರ್ಕಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಆತ್ಮಕಥೆ ಬರೆದರು, ಹಸ್ತಪ್ರತಿಯನ್ನು ತಾವೇ ಬೆಂಕಿಗೆ ಹಾಕಿದರು. 1956ರಲ್ಲಿ ಜೇಮ್ಸ್ ಕಾರ್ಡ್ ಎಂಬುವರು ರಾಚೆಸ್ಟರ್ ಊರಿಗೆ ಕರೆಸಿಕೊಂಡರು. ಅಲ್ಲಿನ ಫಿಲ್ಮ್ ಸಂಗ್ರಹ ನೋಡಿಕೊಳ್ಳುತ್ತಿದ್ದವರು ಅವರು. ಆಕೆ ಹಳೆಯ ಚಿತ್ರ ನೋಡಿದರು, ಓದಿದರು, ಬರೆದರು. ತಮ್ಮ ಹೊಗಳಿಕೆ ಅಲ್ಲ. ಹಾಲಿವುಡ್ ನಟ ಹಂಫ್ರಿ ಬೋಗಾರ್ಟ್ ಬಗ್ಗೆ ಬರೆಯುವಾಗ, ಮೊದಲು ನಾಟಕದಲ್ಲಿದ್ದ ಸಭ್ಯ ಹುಡುಗ ಆಮೇಲೆ ಒರಟು ‘ಬೋಗಿ’ ಆದದ್ದು ಹೇಗೆ ಅಂತ ಬಿಡಿಸಿಟ್ಟರು. ಓದಿದ ಕಣ್ಣು ಮಾಡುವ ಕೆಲಸ ಅದು.

ನಿಯಂತ್ರಣ ಕೊಠಡಿಯವರು ಗಾಜಿನಾಚೆ ಎರಡು ಬೆರಳು ತೋರಿಸುತ್ತಿದ್ದಾರೆ. ಈಗ ಒಂದು. 1982ರಲ್ಲಿ ಆ ಪ್ರಬಂಧಗಳು ‘ಲೂಲು ಇನ್ ಹಾಲಿವುಡ್’ ಪುಸ್ತಕವಾದವು. ಲೂಲು ಅಂದರೆ ‘ಪಂಡೋರಾಸ್ ಬಾಕ್ಸ್’ನಲ್ಲಿ ಆಕೆಯ ಪಾತ್ರ. ಆಕೆಗೆ ಆಗ 75. 1985ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಆ ಹಿರಿಯ ಕಲಾವಿದರಿಗೆ ಹೇಳಿದೆ. ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡರು. "ಅದೆಲ್ಲ ಸರಿ. ಸುಟ್ಟು ಹಾಕಿದ್ದರಲ್ಲಿ ಏನಿತ್ತು, ಅದನ್ನ ಹೇಳಿ" ಅಂದರು.

ಸಮಯ ಆಯಿತಂತೆ. ನಮಸ್ಕಾರ.