ಅಮ್ಮನ ಬೀಡಿ ಮೊರ, ಹುಡುಗಿಯ ಹನ್ನೊಂದು ತಿಂಗಳ ಕರಾರು

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ, ಕನ್ನಡದಲ್ಲಿ, ತೆರಿಗೆಯ ಬಗ್ಗೆ ಮಾತಾಡಬೇಕು ಎಂದಾಗ ನಾನು ಕೂಡಲೇ ಒಪ್ಪಿದೆ. ನಮ್ಮದು ಕೇರಳ, ಪಂಚಾಯತಿನ ಕಾಗದ ಮಲಯಾಳದಲ್ಲಿ ಬರುತ್ತದೆ. ಇನ್‌ಕಮ್ ಟ್ಯಾಕ್ಸಿನದ್ದು ಇಂಗ್ಲಿಷಿನಲ್ಲಿ. ಕಂಪೆನಿಯ ಕರಾರು ಅದಕ್ಕಿಂತ ಕಷ್ಟದ ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ಎಲ್ಲದಕ್ಕೂ ಸುಮ್ನೆ ಸಹಿ ಹಾಕಿಬಿಡುತ್ತಾರೆ.

ಕಳೆದ ತಿಂಗಳು ಪೆರ್ಲ ಕಡೆಯ ಒಬ್ಬಳು ಹುಡುಗಿ ಅಪ್ಪನ ಜೊತೆ ನನ್ನ ಆಫೀಸಿಗೆ ಬಂದಿದ್ದಳು. ಮಂಗಳೂರಿನ ಒಂದು ಕಂಪೆನಿಯಲ್ಲಿ ಮೂರು ವರ್ಷದಿಂದ ಕೆಲಸ. ಹನ್ನೊಂದು ತಿಂಗಳ ಕರಾರು, ಒಂದು ತಿಂಗಳು ಮನೆಯಲ್ಲಿ, ಮತ್ತೆ ಹನ್ನೊಂದು ತಿಂಗಳು. ತಿಂಗಳಿಗೆ 20,000 ಎಂದು ಮಾತು. ಕೈಗೆ ಬರುವುದು 18,000.

"ಎರಡು ಸಾವಿರ ಎಲ್ಲಿ ಹೋಗುತ್ತದೆ ಮಗಾ?" ಎಂದು ಕೇಳಿದೆ.

"ಟ್ಯಾಕ್ಸ್ ಸರ್. ಸರಕಾರಕ್ಕೆ ಹೋದದ್ದಲ್ವಾ, ಹೋಯಿತು."

ಅಪ್ಪ ಪ್ಲಾಸ್ಟಿಕ್ ಕವರಿನಿಂದ ಕರಾರು ತೆಗೆದರು. ಮೊದಲ ಪುಟದಲ್ಲೇ 'ಕನ್ಸಲ್ಟೆಂಟ್' ಎಂದಿತ್ತು. ನಾನು ಕಾಗದ ಬದಿಗಿಟ್ಟು ಅವಳ ದಿನ ಹೇಗೆ ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿಗೆ ಬೆರಳು ಒತ್ತಬೇಕು. ರೈಲು ತಡವಾಗಿ ಹದಿನೈದು ನಿಮಿಷ ಮೀರಿದರೆ ಅರ್ಧ ದಿನದ ದುಡ್ಡು ಕಟ್. ರಜೆ ಬೇಕಾದರೆ ಮ್ಯಾನೇಜರಿಗೆ ಮೇಲ್ ಮಾಡಬೇಕು. ಕಂಪ್ಯೂಟರ್ ಕಂಪೆನಿಯದ್ದು. ಮಾಡುವ ಕೆಲಸ ಬಿಲ್ ಎಂಟ್ರಿ. ಇದು ಯಾವ ಊರಿನ ಕನ್ಸಲ್ಟೆಂಟ್ ಕೆಲಸ, ಹೇಳಿ?

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ನಾನು ಹಳೆಯ ನಂಬರನ್ನೇ ಹೇಳುತ್ತೇನೆ, ನಿಮ್ಮ ಮನೆಯಲ್ಲಿರುವ ಕಾಗದಗಳಲ್ಲಿ ಇರುವುದು ಅದೇ. ಅವಳನ್ನು ನೌಕರಳು ಎಂದಿದ್ದರೆ ಸೆಕ್ಷನ್ 192, ಅಂದರೆ ಸಂಬಳ. ಅಷ್ಟು ಕಡಿಮೆ ಸಂಬಳಕ್ಕೆ ತೆರಿಗೆ ಎಂದು ಒಂದು ಪೈಸೆಯೂ ಕಡಿತ ಇಲ್ಲ. ಗುತ್ತಿಗೆದಾರಳು ಎಂದಿದ್ದರೆ 194ಸಿ, ಶೇ 1. ವೃತ್ತಿಪರ ಸಲಹೆಗಾರಳು ಎಂದು ಬರೆದ ಕಾರಣ 194ಜೆ, ಶೇ 10, ಅಂದರೆ ಆ ಎರಡು ಸಾವಿರ. ಕೆಲಸ ಒಂದೇ, ಹೆಸರು ಬದಲಾದರೆ ಕಡಿತವೂ ಬದಲು.

ಇಲ್ಲಿ ನನ್ನ ಅಮ್ಮನ ವಿಷಯ ಹೇಳಲೇಬೇಕು. ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲಿನ ಉಂಡೆ. ಕೋಳಿಗೆ ಅಕ್ಕಿ ಹಾಕಿ ಬಂದು ಕಟ್ಟುವುದು, ಅನ್ನಕ್ಕೆ ನೀರಿಟ್ಟು ಬಂದು ಕಟ್ಟುವುದು. ಯಾರೂ ಬೆರಳು ಒತ್ತಿಸುತ್ತಿರಲಿಲ್ಲ. ಸಂಜೆ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಬ್ರಾಂಚಿನವರು ಕಟ್ಟು ಎತ್ತಿ ತುದಿ ನೋಡಿ, ಸರಿ ಇಲ್ಲದ್ದನ್ನು ತೆಗೆದು ಆಚೆ ಹಾಕುತ್ತಿದ್ದರು. ಆಗ ಅಮ್ಮನ ಮುಖ ನೋಡಬೇಕಿತ್ತು.

ಇವರು ನಮ್ಮ ನೌಕರರೇ ಅಲ್ಲ, ಮನೆಯಲ್ಲಿ ಕೂತು ಮನಸ್ಸು ಬಂದಾಗ ಕಟ್ಟುವವರು ಎಂದು ಬೀಡಿ ಉದ್ಯಮದವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಸರಿ ಇಲ್ಲದ ಬೀಡಿಯನ್ನು ಬೇಡ ಎನ್ನುವ ಹಕ್ಕು ಮಾಲೀಕರಿಗೆ ಉಂಟಲ್ಲ, ಆ ಹಿಡಿತವೇ ಸಾಕು ಎಂದಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಎಂದಾಯಿತು. ಅದು ಪಿಎಫ್ ಕಾನೂನಿನ ತೀರ್ಪು, ತೆರಿಗೆಯದ್ದಲ್ಲ, ನಿಜ. ಆದರೆ ತೆರಿಗೆಯಲ್ಲೂ ಮೊದಲು ನೋಡುವುದು ಇದನ್ನೇ: ಹಿಡಿತ ಯಾರ ಕೈಯಲ್ಲಿ? ಮೊರ ಇಟ್ಟುಕೊಂಡು ಮನೆಯಲ್ಲಿದ್ದ ಅಮ್ಮನಿಗೆ ಪಿಎಫ್ ಇತ್ತು. ದಿನಾ ಬೆರಳು ಒತ್ತುವ ಈ ಹುಡುಗಿಗೆ ಇಲ್ಲ. ನನಗೆ ಇದು ಸಹಿಸಲು ಆಗುವುದಿಲ್ಲ.

ಈಗ ಆ ಎರಡು ಸಾವಿರದ ಕಥೆ. ವರ್ಷಕ್ಕೆ 22,000, ಮೂರು ವರ್ಷಕ್ಕೆ 66,000. ಅವಳ ಆದಾಯಕ್ಕೆ ತೆರಿಗೆಯೇ ಇಲ್ಲ. ಅಷ್ಟೂ ಅವಳದ್ದೇ ಹಣ, ಅವಳ ಪ್ಯಾನ್ ಹೆಸರಿನಲ್ಲಿ ಕೂತಿದೆ. ಯಾರ ಪ್ಯಾನಿಗೆ ಎಷ್ಟು ತೆರಿಗೆ ಜಮೆಯಾಗಿದೆ ಎಂದು ತೋರಿಸುವ ಫಾರ್ಮ್ 26ಎಎಸ್ ತೆರೆದು ತೋರಿಸಿದೆ. ಅಪ್ಪ ಕನ್ನಡಕ ಹಾಕಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಮಾರ್ಚಿಗೆ ಮುಗಿದ ವರ್ಷದ್ದನ್ನು ಡಿಸೆಂಬರ್ 31ರೊಳಗೆ ರಿಟರ್ನ್ ಹಾಕಿ ಕೇಳಬಹುದು. ಹಿಂದಿನ ಎರಡು ವರ್ಷದ ಗಡುವು ದಾಟಿದೆ. ತಡವಾದದ್ದನ್ನು ಮನ್ನಿಸಿ ಎಂದು ಬೇರೆ ಅರ್ಜಿ ಹಾಕಬೇಕು, ಒಪ್ಪುವುದು ಬಿಡುವುದು ಇಲಾಖೆಗೆ ಬಿಟ್ಟದ್ದು. ರಿಟರ್ನ್ ಹಾಕಿದರೆ ಟ್ಯಾಕ್ಸ್ ಕಟ್ಟಬೇಕಾದೀತು ಎಂದು ಹೆದರಿ ಎಷ್ಟು ಮಂದಿ ತಮ್ಮ ಹಣವನ್ನೇ ಬಿಟ್ಟಿದ್ದಾರೋ!

ನಿಜವಾಗಿ ಸ್ವತಂತ್ರವಾಗಿ ದುಡಿಯುವವರೂ ಇದ್ದೀರಿ. ಸ್ವಂತ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಡೆಯವರಿಗೆ ಕೆಲಸ ಮಾಡಿಕೊಡುವ ಇಂಜಿನಿಯರುಗಳು, ಸಾಫ್ಟ್‌ವೇರಿನವರು. ನಿಮಗೆ ಸೆಕ್ಷನ್ 44ಎಡಿಎ ಉಂಟು. ವರ್ಷದ ವರಮಾನ 50 ಲಕ್ಷದ ಒಳಗಿದ್ದರೆ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು. ಖರ್ಚಿನ ಲೆಕ್ಕಪುಸ್ತಕ ಬೇಡ. 12 ಲಕ್ಷ ಬಂದರೆ ಆದಾಯ 6 ಲಕ್ಷ, 'ನ್ಯೂ ರೆಜೀಮ್' ಎನ್ನುವ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ. ಶೇ 10ರಂತೆ ಕಟ್ ಆಗಿದ್ದರೆ ಆ 1,20,000 ಪೂರ್ತಿ ವಾಪಸ್. ಹಿಡಿತ ನಿಮ್ಮ ಕೈಯಲ್ಲೇ ಇದ್ದರೆ ಕರಾರು ಒಳ್ಳೆಯದೇ.

ಅಧ್ಯಕ್ಷರು ವಾಚು ನೋಡುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ. ತಲಪಾಡಿ ಗಡಿ ದಾಟಿ ಬೇರೆ ರಾಜ್ಯಕ್ಕೆ ಕೆಲಸ ಮಾಡಿದರೆ ಜಿಎಸ್‌ಟಿ ನಂಬರ್ ಬೇಕಾ ಎಂದು ಬಹಳ ಜನ ಕೇಳುತ್ತೀರಿ. ಸೇವೆಗೆ ವರ್ಷಕ್ಕೆ 20 ಲಕ್ಷದವರೆಗೆ ಬೇಡ. ಪ್ಯಾನ್ ಕೊಡದಿದ್ದರೆ ಕಡಿತ ಶೇ 20, ಮರೆಯಬೇಡಿ. ವೃತ್ತಿ ತೆರಿಗೆ ಕೇರಳದಲ್ಲಿ ಅರ್ಧ ವರ್ಷಕ್ಕೊಮ್ಮೆ, ಪಂಚಾಯತಿಗೆ. ಅದನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಆ ಹುಡುಗಿಗೆ ನಾಲ್ಕನೆಯ ಕರಾರು ಬಂದಿದೆ. 'ಕನ್ಸಲ್ಟೆಂಟ್' ಎಂಬ ಮಾತಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದುಕೊಟ್ಟಿದ್ದೇನೆ. ಅವಳು ಇನ್ನೂ ಸಹಿ ಹಾಕಿಲ್ಲ. ನಿಮ್ಮಲ್ಲಿ ಕರಾರು ತಂದವರು ಇದ್ದರೆ ಈ ಮೇಜಿನ ಹತ್ತಿರ ಬನ್ನಿ. ನಾನು ಆರೂವರೆಯ ಬಸ್ಸಿನವರೆಗೆ ಇಲ್ಲೇ ಇರುತ್ತೇನೆ.