ಫಾರ್ಮಸಿ ಟೆಕ್ನಿಷಿಯನ್‌ಗಳು ಸಿಗ್ತಾರೆ, ಆದ್ರೆ ನಿಲ್ಲೋದಿಲ್ಲ. ಯಾಕೆ?

[ದೃಶ್ಯ: ಫಾರ್ಮಸಿ ಕೌಂಟರ್. ಕಂಪ್ಯೂಟರ್ ಪರದೆ ಮೇಲೆ ಕೆಂಪು ಬಣ್ಣದಲ್ಲಿ "79"]

ಸೋಮವಾರ ಸಂಜೆ ಐದೂವರೆ. ಅಮೆರಿಕದಲ್ಲಿ ನಾನು ಕೆಲಸ ಮಾಡ್ತಿದ್ದ ರಿಟೇಲ್ ಫಾರ್ಮಸಿ. ವಯಸ್ಸಾದ ಹೆಂಗಸೊಬ್ಬರು ಇನ್ಸುಲಿನ್ ಪೆನ್ ತಗೊಳ್ಳೋಕೆ ಬಂದಿದ್ರು. ಕೌಂಟರ್‌ನಲ್ಲಿದ್ದ ಟೆಕ್ನಿಷಿಯನ್ ಹುಡುಗ ಕ್ಲೇಮ್ ಕಳಿಸಿದ. ಕಳಿಸಿದ ಕೂಡಲೇ ಇನ್ಶೂರೆನ್ಸ್‌ನಿಂದ ಉತ್ತರ ಬಂತು: ರಿಜೆಕ್ಟ್ 79. ಹಳೇದು ಖಾಲಿಯಾಗೋ ದಿನ ಇನ್ನೂ ಬಂದಿಲ್ಲ, ಈಗಲೇ ಹೊಸದಕ್ಕೆ ದುಡ್ಡು ಕೊಡಲ್ಲ ಅಂತ ಅದರ ಅರ್ಥ. ಹುಡುಗ ಕೆಲಸಕ್ಕೆ ಸೇರಿ ಒಂಬತ್ತು ದಿನ ಆಗಿತ್ತು. ಪರದೆಯಲ್ಲಿದ್ದದ್ದನ್ನೇ ಓದಿ, "ಹತ್ತು ದಿನ ಬಿಟ್ಟು ಬನ್ನಿ ಮೇಡಂ" ಅಂದ. ಆಕೆ ಬರಿಗೈಲಿ ಹೊರಟ್ರು.

ಪಕ್ಕದಲ್ಲಿ ಫೋನ್ ಹಿಡ್ಕೊಂಡಿದ್ದ ಹಳೇ ಟೆಕ್ನಿಷಿಯನ್ ಫೋನ್ ಕೆಳಗಿಟ್ಟು, ಬಾಗಿಲವರೆಗೂ ಓಡಿ ಅವರನ್ನ ವಾಪಸ್ ಕರ್ಕೊಂಡು ಬಂದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟರ್ ಏನಾದ್ರೂ ಡೋಸ್ ಜಾಸ್ತಿ ಮಾಡಿದ್ರಾ?"

ಮಾಡಿದ್ರು. 20 ಯೂನಿಟ್ ಇದ್ದದ್ದು 30 ಆಗಿತ್ತು. ಅದನ್ನ ಫೋನಲ್ಲಿ ಹೇಳಿದ್ರು ಅಷ್ಟೇ, ಹೊಸ ಚೀಟಿ ಕಳಿಸಿರಲಿಲ್ಲ.

[ಪರದೆ ಮೇಲೆ: 5 ಪೆನ್ × 3 ಮಿ.ಲೀ. × 100 ಯೂನಿಟ್ = 1,500 ಯೂನಿಟ್]

ಲೆಕ್ಕ ನೋಡಿ. ಒಂದು ಡಬ್ಬೀಲಿ ಐದು ಪೆನ್, ಒಟ್ಟು 1,500 ಯೂನಿಟ್. ದಿನಕ್ಕೆ 20 ಅಂದ್ರೆ 75 ದಿನ ಬರುತ್ತೆ. 30 ಅಂದ್ರೆ 50 ದಿನಕ್ಕೇ ಮುಗಿಯುತ್ತೆ. ಪ್ರತಿ ಸಲ ಚುಚ್ಚಿಕೊಳ್ಳೋ ಮುಂಚೆ ಸೂಜಿ ಪರೀಕ್ಷೆ ಮಾಡೋಕೆ ಹೊರಗೆ ಬಿಡೋ 2 ಯೂನಿಟ್ ಸೇರಿಸಿದ್ರೆ ಇನ್ನೂ ಬೇಗ. ಕಂಪ್ಯೂಟರ್‌ಗೆ ಗೊತ್ತಿದ್ದದ್ದು 75 ಮಾತ್ರ. ಕ್ಲಿನಿಕ್‌ಗೆ ಫೋನ್ ಮಾಡಿ, ಹೊಸ ಪ್ರಿಸ್ಕ್ರಿಪ್ಷನ್ ತರಿಸಿ, ಡೋಸ್ ಬದಲಾಗಿದೆ ಅಂತ ಇನ್ಶೂರೆನ್ಸ್‌ಗೆ ತಿಳಿಸಿ ಓವರ್‌ರೈಡ್, ಅಂದ್ರೆ ಆ ತಡೆ ತೆಗೆಯೋ ಒಪ್ಪಿಗೆ, ತಗೊಂಡ್ರೆ ಕೆಲಸ ಆಯ್ತು. ಆ ಸಂಜೆ ಅವರು ಇನ್ಸುಲಿನ್ ತಗೊಂಡೇ ಮನೆಗೆ ಹೋದ್ರು.

ಆ ಹಳೇ ಟೆಕ್ನಿಷಿಯನ್ ನಾಲ್ಕು ತಿಂಗಳಾದ ಮೇಲೆ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಇನ್ನೊಬ್ಬರು ಬಂದ್ರು. ಆದ್ರೆ ಆ ಪ್ರಶ್ನೆ ಕೇಳೋಕೆ ಗೊತ್ತಿದ್ದವರು ನಮ್ಮಲ್ಲಿ ಯಾರೂ ಉಳೀಲಿಲ್ಲ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆನೇ.

[ದೃಶ್ಯ: ಟ್ರೇ ಮೇಲೆ ಮಾತ್ರೆಗಳನ್ನ ಐದೈದಾಗಿ ಎಣಿಸ್ತಿರೋ ಕೈ]

ಟೆಕ್ನಿಷಿಯನ್ ಅಂದ್ರೆ ಮಾತ್ರೆ ಎಣಿಸೋರು ಅಂದ್ಕೊಂಡಿರ್ತಾರೆ ಜನ. ಎಣಿಕೆ ಅವರ ಕೆಲಸದಲ್ಲಿ ತುಂಬಾ ಸಣ್ಣ ಪಾಲು. ಪ್ರಿಸ್ಕ್ರಿಪ್ಷನ್ ಓದಿ ಕಂಪ್ಯೂಟರ್‌ಗೆ ಹಾಕೋದು, ಎಷ್ಟು ದಿನಕ್ಕೆ ಸಾಕು ಅಂತ ಲೆಕ್ಕ ಹಾಕೋದು, ಇನ್ಶೂರೆನ್ಸ್ ಜೊತೆ ಗುದ್ದಾಡೋದು, ಫೋನು, ಡ್ರೈವ್-ಥ್ರೂ (ಕಾರಲ್ಲೇ ಕೂತು ಔಷಧ ತಗೊಳ್ಳೋ ಕಿಟಕಿ), ಕ್ಯಾಷ್, ಸ್ಟಾಕ್ ಎಲ್ಲ ಇವರದ್ದೇ. ಕೊನೇಲಿ ಔಷಧ ಸರಿ ಇದೆಯಾ ಅಂತ ನೋಡಿ ಒಪ್ಪೋದು, ರೋಗಿಗೆ ತಿಳಿಸಿ ಹೇಳೋದು ಫಾರ್ಮಸಿಸ್ಟ್. 2020ರಲ್ಲಿ ಕೋವಿಡ್ ಸಮಯದಲ್ಲಿ ಅಮೆರಿಕ ಸರ್ಕಾರ, ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಫಾರ್ಮಸಿಸ್ಟ್ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕೋಕೂ ಅನುಮತಿ ಕೊಡ್ತು. ಒಳ್ಳೇದೇ ಆಯ್ತು. ಆದ್ರೆ ಕೆಲಸ ಬೆಳೆದಷ್ಟು ಕೈಗಳು ಬೆಳೀಲಿಲ್ಲ.

ಸಂಬಳದ ವಿಷಯ ನೇರವಾಗಿ ಹೇಳ್ತೀನಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2024ರ ಮೇನಲ್ಲಿ ಫಾರ್ಮಸಿ ಟೆಕ್ನಿಷಿಯನ್‌ಗಳ ಮಧ್ಯಾಂಕ ಸಂಬಳ ವರ್ಷಕ್ಕೆ 43,460 ಡಾಲರ್. ಅಂದ್ರೆ ಅರ್ಧ ಜನಕ್ಕೆ ಅದಕ್ಕಿಂತ ಕಮ್ಮಿ. ಆಸ್ಪತ್ರೆಗಳು ರಿಟೇಲ್‌ಗಿಂತ ಜಾಸ್ತಿ ಕೊಡ್ತವೆ. ಅಲ್ಲಿ ಡ್ರೈವ್-ಥ್ರೂ ಕೂಡ ಇಲ್ಲ. ಹಾಗಾಗಿ ರಿಟೇಲ್‌ನಲ್ಲಿ ಕಲಿತವರು ಒಂದೆರಡು ವರ್ಷದಲ್ಲಿ ಆಸ್ಪತ್ರೆ ಕಡೆ ಹೊರಡ್ತಾರೆ. ಅವರನ್ನ ದೂರೋಕಾಗಲ್ಲ.

ಆದ್ರೆ ಸಂಬಳಕ್ಕಿಂತ ಜಾಸ್ತಿ ಜನರನ್ನ ಓಡಿಸೋದು ಗಂಟೆ ಕಡಿತ ಅಂತ ನನಗನ್ಸುತ್ತೆ. ಎಷ್ಟು ಪ್ರಿಸ್ಕ್ರಿಪ್ಷನ್ ಬಂತು ಅನ್ನೋದರ ಮೇಲೆ ಅಂಗಡಿಗೆ ಕೆಲಸದ ಗಂಟೆಗಳನ್ನ ಹಂಚ್ತಾರೆ. ವ್ಯಾಪಾರ ಇಳಿದ ತಿಂಗಳು ವಾರಕ್ಕೆ 36 ಗಂಟೆ ಇದ್ದವರಿಗೆ 24 ಸಿಗುತ್ತೆ. ಮನೆ ಬಾಡಿಗೆ ಇಳಿಯುತ್ತಾ? ಜೊತೆಗೆ, ಅಲ್ಲಿನ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಹೆಲ್ತ್ ಇನ್ಶೂರೆನ್ಸ್ ಕೊಡಬೇಕಾದ್ದು ವಾರಕ್ಕೆ ಸರಾಸರಿ 30 ಗಂಟೆ ದುಡಿಯೋರಿಗೆ. ದಿನವಿಡೀ ಬೇರೆಯವರ ಇನ್ಶೂರೆನ್ಸ್ ಸರಿಮಾಡೋ ಹುಡುಗಿ ತನ್ನದನ್ನ ಕಳ್ಕೊಳ್ಳೋ ಭಯದಲ್ಲಿರ್ತಾಳೆ. ಇದನ್ನ ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತೆ.

ಈ ಒತ್ತಡ ಒಂದು ದಿನ ಬೀದಿಗೂ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಚೈನ್ ಫಾರ್ಮಸಿಗಳ ಫಾರ್ಮಸಿಸ್ಟ್‌ಗಳು ಕೆಲಸಕ್ಕೆ ಬರದೆ ಪ್ರತಿಭಟಿಸಿದ್ರು. ಅವರ ಮುಖ್ಯ ದೂರು, ಸಹಾಯಕ್ಕೆ ಸಾಕಷ್ಟು ಜನ ಇಲ್ಲ ಅನ್ನೋದು. ಕ್ಯಾಲಿಫೋರ್ನಿಯಾ ಅದಕ್ಕೂ ಮೊದಲೇ, 2022ರಿಂದ, ಚೈನ್ ಫಾರ್ಮಸಿಗಳಲ್ಲಿ ಇಷ್ಟು ಪ್ರಿಸ್ಕ್ರಿಪ್ಷನ್ ಮುಗಿಸಲೇಬೇಕು ಅನ್ನೋ ಕೋಟಾಗಳನ್ನ ನಿಷೇಧಿಸಿತ್ತು.

[ದೃಶ್ಯ: ನಿರೂಪಕಿ ಕ್ಯಾಮೆರಾ ಕಡೆ ತಿರುಗಿ]

ಸರಿ, ಒಬ್ಬ ಸ್ಟೋರ್ ಮ್ಯಾನೇಜರ್ ಕೈಯಲ್ಲಿ ಏನಿದೆ? ಸಂಬಳ ಇಲ್ಲ, ಬಜೆಟ್ ಇಲ್ಲ. ಆದ್ರೂ ತುಂಬಾ ಇದೆ.

ಸಂದರ್ಶನದಲ್ಲಿ "ಒತ್ತಡ ತಡ್ಕೋತೀರಾ" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಅದರ ಬದಲು ಸೋಮವಾರ ಸಂಜೆ ಕರೆಸಿ, ಒಂದು ಗಂಟೆ ಕೌಂಟರ್ ಹಿಂದೆ ನಿಂತು ನೋಡೋಕೆ ಹೇಳಿ. ಮಂಗಳವಾರ ಬೆಳಿಗ್ಗೆ ತಣ್ಣಗಿರೋ ಅಂಗಡಿ ತೋರಿಸಿ ಸೇರಿಸ್ಕೊಂಡ್ರೆ ಅದು ಮೋಸ. ಆಮೇಲೆ ಎರಡು ಬಾಟಲಿ ಕೈಗೆ ಕೊಡಿ. ಒಂದು ಹೈಡ್ರಾಕ್ಸಿಜಿನ್, ತುರಿಕೆಗೆ, ಆತಂಕಕ್ಕೆ ಕೊಡೋದು. ಇನ್ನೊಂದು ಹೈಡ್ರಾಲಜಿನ್, ಬಿಪಿಗೆ. ಇಂಗ್ಲಿಷ್ ಲೇಬಲ್ ಮೇಲೆ ಎರಡೂ ಅಕ್ಕತಂಗೀರ ಥರ ಕಾಣ್ತವೆ. ಒಂದು ಕ್ಷಣ ನಿಂತು ಎರಡನೇ ಸಲ ಓದೋರನ್ನ ಆರಿಸ್ಕೊಳ್ಳಿ, ಫಾರ್ಮಸಿ ಅನುಭವ ಇಲ್ಲದಿದ್ರೂ ಪರವಾಗಿಲ್ಲ. ರಿಜೆಕ್ಟ್ ಕೋಡ್ ಕಲಿಸಬಹುದು, 75 ಅಂದ್ರೆ ಮೊದಲೇ ಅನುಮತಿ ಬೇಕು, 70 ಅಂದ್ರೆ ಈ ಔಷಧಕ್ಕೆ ಕವರೇಜ್ ಇಲ್ಲ ಅಂತ. ಆ ಎಚ್ಚರವನ್ನ ಕಲಿಸೋದು ಕಷ್ಟ.

ಇನ್ನು ತರಬೇತಿ. ಎಲ್ಲಾ ಕೆಡೋದು ಇಲ್ಲೇ. ಹೊಸಬರು ಸೇರಿದ ಮೊದಲ ದಿನದಿಂದ ಶಿಫ್ಟ್ ಪಟ್ಟೀಲಿ ಅವರನ್ನ ಪೂರ್ತಿ ಒಬ್ಬ ಆಳು ಅಂತ ಲೆಕ್ಕ ಹಾಕ್ತಾರೆ. ಕಲಿಸೋ ಹಳಬರ ಕೆಲಸವನ್ನೂ ಎಳ್ಳಷ್ಟು ಕಮ್ಮಿ ಮಾಡಲ್ಲ. ಆಗ ಹೊಸಬರು ಕೇಳಿದ ಪ್ರತಿ ಪ್ರಶ್ನೆನೂ ಹಳಬರಿಗೆ ತೊಂದರೆ ಅನ್ಸುತ್ತೆ, ಅದು ಮುಖದಲ್ಲಿ ಕಾಣುತ್ತೆ, ಹೊಸಬರು ಕೇಳೋದನ್ನೇ ನಿಲ್ಲಿಸ್ತಾರೆ. ಆ ಹುಡುಗ ಪರದೆ ನೋಡಿ "ಹತ್ತು ದಿನ ಬಿಟ್ಟು ಬನ್ನಿ" ಅಂದದ್ದು ಸೋಮಾರಿತನಕ್ಕಲ್ಲ. ಅವನಿಗೆ ಕೇಳೋಕೆ ಭಯ.

ಮೊದಲ ಎರಡು ವಾರ ಅವರನ್ನ ಡ್ರೈವ್-ಥ್ರೂಗೆ ನಿಲ್ಲಿಸಬೇಡಿ. ಒಂದೇ ಕಡೆ ಇರಲಿ, ಬೇಕಾದ್ರೆ ಬರೀ ಪ್ಯಾಕಿಂಗ್. ಜೊತೆಗೆ ಕಲಿಸೋರು ಒಬ್ಬರೇ ಆಗಿರಲಿ, ದಿನಕ್ಕೊಬ್ಬರು ಬೇಡ. ಆ ಕಲಿಸೋರಿಗೆ ಗಂಟೆಗೆ ಸ್ವಲ್ಪವಾದ್ರೂ ಜಾಸ್ತಿ ಕೊಡಿಸೋಕೆ ಮೇಲಿನವರ ಹತ್ರ ಜಗಳ ಆಡಿ. ಶಿಫ್ಟ್ ಪಟ್ಟಿ ಎರಡು ವಾರ ಮುಂಚೆ ಹಾಕಿ, ಹಾಕಿದ ಮೇಲೆ ಮುಟ್ಟಬೇಡಿ. ಮಗುವನ್ನ ನೋಡ್ಕೊಳ್ಳೋಕೆ ಯಾರನ್ನೋ ಗೊತ್ತು ಮಾಡ್ಕೊಂಡಿರೋ ತಾಯಿಗೆ ಇದು ಸಂಬಳ ಏರಿಸಿದಷ್ಟೇ ದೊಡ್ಡದು.

ಕೊನೇದಾಗಿ ಪರೀಕ್ಷೆ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಫಾರ್ಮಸಿ ಟೆಕ್ನಿಷಿಯನ್ ಸರ್ಟಿಫಿಕೇಷನ್ ಬೋರ್ಡ್, ಅಂದ್ರೆ ಪಿಟಿಸಿಬಿ, ಇದನ್ನ ನಡೆಸುತ್ತೆ. 90 ಪ್ರಶ್ನೆ, ಶುಲ್ಕ 129 ಡಾಲರ್. ಪಾಸಾದ್ರೆ ಎರಡು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 20 ಗಂಟೆ ಕಲಿಕೆ. ಕೆಲವು ರಾಜ್ಯಗಳಲ್ಲಿ ಇಂಥ ಸರ್ಟಿಫಿಕೇಟ್ ಕಡ್ಡಾಯ, ಕೆಲವು ಕಡೆ ಬರೀ ನೋಂದಣಿ ಸಾಕು. ಕಡ್ಡಾಯ ಇಲ್ಲದ ಕಡೆಯೂ ಆ 129 ಡಾಲರ್ ನೀವೇ ಕಟ್ಟಿ. ಓದೋಕೆ ವಾರಕ್ಕೆ ಎರಡು ಗಂಟೆ ಶಿಫ್ಟ್‌ನಲ್ಲೇ ಬಿಡಿ. ಫಲಿತಾಂಶ ಬಂದ ವಾರದಿಂದಲೇ ಸಂಬಳ ಏರಲಿ, ಮುಂದಿನ ವರ್ಷದ ಮಾತು ಬೇಡ. ನನ್ನ ಆ ಹಳೇ ಟೆಕ್ನಿಷಿಯನ್ ಸ್ವಂತ ದುಡ್ಡಲ್ಲಿ ಪರೀಕ್ಷೆ ಕಟ್ಟಿ ಪಾಸಾಗಿ ಬಂದಾಗ, ನಮ್ಮ ಕಡೆಯಿಂದ ಅವಳಿಗೆ ಸಿಕ್ಕಿದ್ದು ಹೊಸ ಹೆಸರಿನ ಬ್ಯಾಡ್ಜ್ ಮಾತ್ರ.

[ದೃಶ್ಯ: ಕೌಂಟರ್ ಮೇಲೆ ಇಟ್ಟಿರೋ ಬ್ಯಾಡ್ಜ್. ಪರದೆ ಕಪ್ಪಾಗುತ್ತದೆ]